ಪಾಸ್‌ವರ್ಡ್ ಸರಿಯಿದ್ದರೂ ಔಟ್‌ಲುಕ್ ಮತ್ತೆ ಮತ್ತೆ ಕೇಳುತ್ತಿದೆ, ಏಕೆ?

ಪ್ರಶ್ನೆ: ಮನೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಮತ್ತು ಔಟ್‌ಲುಕ್ 2016 ಇವೆ. ಪರಿಚಯದವರೊಬ್ಬರು ಕೆಲವು ವರ್ಷಗಳ ಹಿಂದೆ ನನ್ನ ಜಿಮೇಲ್ ಖಾತೆಯನ್ನು ಅದರಲ್ಲಿ ಹಾಕಿಕೊಟ್ಟಿದ್ದರು. ಈಚೆಗೆ ದಿನಕ್ಕೆ ಒಂದೆರಡು ಸಲ ಪಾಸ್‌ವರ್ಡ್ ಕೇಳುವ ಬಾಕ್ಸ್ ಬರತೊಡಗಿತು. ಕ್ಯಾನ್ಸಲ್ ಒತ್ತಿದರೆ ಹೋಗುತ್ತಿತ್ತು, ಮೇಲ್ ಕೂಡ ಬರುತ್ತಿತ್ತು. ಯಾರೋ ಹ್ಯಾಕ್ ಮಾಡುತ್ತಿರಬೇಕು ಎಂದು ಹೆದರಿ ಗೂಗಲ್ ಪಾಸ್‌ವರ್ಡ್ ಬದಲಾಯಿಸಿದೆ. ಅವತ್ತಿನಿಂದ ಐದೈದು ನಿಮಿಷಕ್ಕೆ ಅದೇ ಬಾಕ್ಸ್. ಹೊಸ ಪಾಸ್‌ವರ್ಡ್ ಹಾಕಿ ಸೇವ್ ಎಂಬಲ್ಲಿ ಟಿಕ್ ಮಾಡಿದರೂ ಒಪ್ಪುವುದಿಲ್ಲ, ಮೇಲ್ ಬರುವುದೇ ನಿಂತಿದೆ. ಅದೇ ಪಾಸ್‌ವರ್ಡ್ ಬ್ರೌಸರ್‌ನಲ್ಲಿ ನಡೆಯುತ್ತದೆ (ಫೋನಿನಲ್ಲಿ 'ಹೌದು, ನಾನೇ' ಎಂದು ಒತ್ತಬೇಕಾಗುತ್ತದೆ, ಅಷ್ಟೇ), ಫೋನಿನಲ್ಲೂ ಮೇಲ್ ಬರುತ್ತಿದೆ. ಇನ್ನೊಮ್ಮೆ ಬದಲಾಯಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಲ್ಯಾಪ್‌ಟಾಪ್ ಮತ್ತು ಟ್ಯಾಬ್‌ನಲ್ಲೂ ಇದೇ ಖಾತೆ ಇದೆ. ರಿಪೇರಿಯವರು ಇದು ವೈರಸ್, ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ. ಹಳೆಯ ಮೇಲ್‌ಗಳೆಲ್ಲ ಹೋದರೆ ಗತಿಯೇನು?

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ಪಾಸ್‌ವರ್ಡನ್ನು ಮೂರನೇ ಸಲ ಬದಲಾಯಿಸಲೂ ಹೋಗಬೇಡಿ. ನಿಮ್ಮ ವಿವರಣೆಯಲ್ಲಿ ಒಂದಲ್ಲ, ಎರಡು ತೊಂದರೆಗಳಿವೆ. ಮೊದಲನೆಯದು ದಿನಕ್ಕೆ ಒಂದೆರಡು ಸಲ ಬಂದು ಹೋಗುತ್ತಿದ್ದದ್ದು, ಸಣ್ಣದು. ಎರಡನೆಯದು ಹುಟ್ಟಿದ್ದು ಮೊದಲನೆಯದಕ್ಕೆ ನೀವು ಮಾಡಿದ ಚಿಕಿತ್ಸೆಯಿಂದ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಪಾಸ್‌ವರ್ಡ್ ಕೇಳಿದರೆ ಯಾರಿಗಾದರೂ ಮೊದಲು ಹೊಳೆಯುವುದು ಅದೇ.

ಆ ಬಾಕ್ಸ್ ಬಂದರೆ ಪಾಸ್‌ವರ್ಡ್ ತಪ್ಪಾಗಿದೆ ಎಂದೇನಲ್ಲ. ಲಾಗಿನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ವೈಫೈ ಒಂದು ಕ್ಷಣ ಕೈಕೊಟ್ಟಿರಬಹುದು, ಸರ್ವರ್ ತಡವಾಗಿ ಉತ್ತರಿಸಿರಬಹುದು, ಒಂದೇ ಖಾತೆಗೆ ಹಲವು ಸಾಧನಗಳು ಒಟ್ಟಿಗೆ ನುಗ್ಗಿರಬಹುದು, ಪಾಸ್‌ವರ್ಡ್ ನಿಜಕ್ಕೂ ತಿರಸ್ಕೃತವಾಗಿರಬಹುದು. ಹಳೆಯ ಮೇಲ್ ಪ್ರೋಗ್ರಾಂಗಳಿಗೆ ಈ ಕಾರಣಗಳನ್ನು ಬಿಡಿಸಿ ಹೇಳಲು ಬರುವುದಿಲ್ಲ. ಎಲ್ಲಕ್ಕೂ ಅದೇ ಬಾಕ್ಸ್ ತೋರಿಸಿ ಸುಮ್ಮನಾಗುತ್ತವೆ. ಹಾಗಾಗಿ ಅದು ಯಾವಾಗ ಬರುತ್ತದೆ, ಕ್ಯಾನ್ಸಲ್ ಮಾಡಿದ ಮೇಲೆ ಏನಾಗುತ್ತದೆ ಎಂಬುದನ್ನು ನೋಡಿಯೇ ಕಾರಣ ಹಿಡಿಯಬೇಕು.

ಈಗ ಬಾಕ್ಸ್ ಬಂದಾಗ ಏನನ್ನೂ ಟೈಪ್ ಮಾಡದೆ ಒಮ್ಮೆ ಓದಿ. ಬೂದು ಬಣ್ಣದ ಆ ಪುಟ್ಟ ಬಾಕ್ಸ್‌ನ ಮೇಲಂಚಿನಲ್ಲಿ 'ಇಂಟರ್‌ನೆಟ್ ಇಮೇಲ್' ಎಂದು ಬರೆದು ಪಕ್ಕದಲ್ಲಿ ನಿಮ್ಮ ವಿಳಾಸ ಇರುತ್ತದೆ. ಒಳಗೆ ಸರ್ವರ್, ಯೂಸರ್‌ನೇಮ್, ಪಾಸ್‌ವರ್ಡ್ ಎಂದು ಮೂರು ಸಾಲು, ಕೆಳಗೆ ಪಾಸ್‌ವರ್ಡ್ ಉಳಿಸಿಕೊಳ್ಳುವ ಟಿಕ್. ಹೆಚ್ಚಿನವರ ಕಣ್ಣು ನೇರವಾಗಿ ಮೂರನೇ ಸಾಲಿಗೆ ಹೋಗುತ್ತದೆ. ನೀವು ಮೊದಲನೆಯದನ್ನು ನೋಡಿ. ಅಲ್ಲಿ 'ಐಮ್ಯಾಪ್' ಎಂದು ಶುರುವಾಗುವ ಹೆಸರಿದ್ದರೆ ಮೇಲ್ ತರುವ ಕಡೆ ತೊಂದರೆ. 'ಎಸ್‌ಎಂಟಿಪಿ' ಎಂದಿದ್ದರೆ ಕಳುಹಿಸುವ ಕಡೆ. ಔಟ್‌ಲುಕ್ ಈ ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟುಕೊಳ್ಳಬಲ್ಲದು, ಆದ್ದರಿಂದ ಒಂದನ್ನು ಸರಿಪಡಿಸಿದರೆ ಇನ್ನೊಂದು ತಾನಾಗಿ ಸರಿಹೋಗುತ್ತದೆ ಎಂದು ನಂಬಬೇಡಿ.

ಆಮೇಲೆ ಕ್ಯಾನ್ಸಲ್ ಒತ್ತಿ, ಹತ್ತು ಸೆಕೆಂಡ್ ಬಿಟ್ಟು ಎಫ್9 ಕೀ ಒತ್ತಿ. ಅದು ಸೆಂಡ್/ರಿಸೀವ್‌ನ ಶಾರ್ಟ್‌ಕಟ್. ಬಾಕ್ಸ್ ಮತ್ತೆ ಬಾರದೆ ಮೇಲ್ ಬಂದರೆ ಉಳಿಸಿಟ್ಟ ಪಾಸ್‌ವರ್ಡ್ ಸರಿಯಾಗಿಯೇ ಇದೆ, ಕೆಟ್ಟದ್ದು ಸಂಪರ್ಕ. ತಕ್ಷಣ ಮತ್ತೆ ಬಾಕ್ಸ್ ಬಂದರೆ ಸರ್ವರ್ ಆ ಪಾಸ್‌ವರ್ಡನ್ನು ನಿಜಕ್ಕೂ ತಿರಸ್ಕರಿಸುತ್ತಿದೆ. ಇನ್ನೊಂದು ಬಗೆಯೂ ಇದೆ: ಔಟ್‌ಲುಕ್ ತೆರೆದಾಗ ಒಮ್ಮೆ ಕೇಳುತ್ತದೆ, ಟೈಪ್ ಮಾಡಿದರೆ ದಿನವಿಡೀ ಸುಮ್ಮನಿರುತ್ತದೆ, ಮುಚ್ಚಿ ತೆರೆದರೆ ಮತ್ತೆ ಕೇಳುತ್ತದೆ. ಅದು ಕಂಪ್ಯೂಟರಿನ ಮರೆವು.

ನಿಮ್ಮದು ಮೊದಲು ಸಂಪರ್ಕದ ತೊಂದರೆಯಾಗಿತ್ತು. ಈಗ ತಿರಸ್ಕಾರದ್ದಾಗಿದೆ. ಐದೈದು ನಿಮಿಷಕ್ಕೇ ಏಕೆ ಬರುತ್ತದೆ ಎಂದರೆ, ಮೇಲ್ ನೋಡಲು ನಿಮ್ಮ ಔಟ್‌ಲುಕ್‌ನಲ್ಲಿ ಇಟ್ಟಿರುವ ಅವಧಿ ಬಹುಶಃ ಅಷ್ಟೇ ಇದೆ. ಕಂಟ್ರೋಲ್, ಆಲ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಆ ಸಂಖ್ಯೆ ಕಾಣುತ್ತದೆ.

ಹೊಸ ಪಾಸ್‌ವರ್ಡನ್ನು ಏಕೆ ಒಪ್ಪುತ್ತಿಲ್ಲ?

ಬರೀ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಬರುವ ಪ್ರೋಗ್ರಾಂಗಳನ್ನು ವೈಯಕ್ತಿಕ ಜಿಮೇಲ್ ಖಾತೆಗಳಿಗೆ ಬಿಡುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಉಳಿದ ದಾರಿಗಳು ಎರಡು. ಒಂದು ಓಆತ್. ಪ್ರೋಗ್ರಾಂ ಗೂಗಲ್‌ನದೇ ಲಾಗಿನ್ ಪುಟವನ್ನು ತೆರೆಯುತ್ತದೆ, ನೀವು ಅಲ್ಲಿ ಪಾಸ್‌ವರ್ಡ್ ಕೊಡುತ್ತೀರಿ, ಗೂಗಲ್ ಪ್ರೋಗ್ರಾಂಗೆ ಒಂದು ಟೋಕನ್, ಅಂದರೆ ಒಳಬರುವ ಪರವಾನಗಿ ಚೀಟಿ ಕೊಡುತ್ತದೆ. ಪಾಸ್‌ವರ್ಡ್ ಪ್ರೋಗ್ರಾಂನ ಕೈಗೆ ಸಿಗುವುದೇ ಇಲ್ಲ. ನಿಮ್ಮ ಫೋನಿನ ಜಿಮೇಲ್ ಆ್ಯಪ್ ನಡೆಯುವುದು ಹೀಗೆ. ಹಾಗಾಗಿ 'ಫೋನಿನಲ್ಲಿ ಬರುತ್ತದಲ್ಲ' ಎಂಬುದು ಡೆಸ್ಕ್‌ಟಾಪ್‌ನ ತೊಂದರೆಗೆ ಸಾಕ್ಷಿಯಾಗುವುದಿಲ್ಲ, ಎರಡೂ ಒಳಹೋಗುವ ಬಾಗಿಲೇ ಬೇರೆ.

ಇನ್ನೊಂದು ದಾರಿ ಆ್ಯಪ್ ಪಾಸ್‌ವರ್ಡ್. ಓಆತ್ ಬಾರದ ಹಳೆಯ ಪ್ರೋಗ್ರಾಂಗಳಿಗಾಗಿ ಗೂಗಲ್ ತಾನೇ ತಯಾರಿಸಿ ಕೊಡುವ 16 ಅಕ್ಷರಗಳ ಪಾಸ್‌ವರ್ಡ್ ಇದು. ಖಾತೆಯಲ್ಲಿ ಟು-ಸ್ಟೆಪ್ ವೆರಿಫಿಕೇಶನ್ ಇದ್ದರೆ ಮಾತ್ರ ಸಿಗುತ್ತದೆ. ಫೋನಿನಲ್ಲಿ 'ಹೌದು' ಒತ್ತಬೇಕಾಗುತ್ತದೆ ಎಂದಿದ್ದೀರಿ, ಅಂದರೆ ನಿಮಗೆ ಅದು ಬಹುತೇಕ ಇದೆ. ನಿಮಗೆ ಬರುತ್ತಿರುವುದು ಗೂಗಲ್‌ನ ಲಾಗಿನ್ ಪುಟವಲ್ಲ, ಬೂದು ಬಾಕ್ಸ್. ಅಂದಮೇಲೆ ನಿಮ್ಮ ಔಟ್‌ಲುಕ್ ನಡೆಯುತ್ತಿದ್ದದ್ದು ಆ್ಯಪ್ ಪಾಸ್‌ವರ್ಡ್‌ನಿಂದಲೇ. ನಿಮ್ಮ ಪರಿಚಯದವರು ಅದನ್ನು ಹಾಕಿ ಹೇಳದೆ ಹೋಗಿರಬೇಕು.

ಎಡವಟ್ಟಾದದ್ದು ಇಲ್ಲೇ. ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಅಲ್ಲಿಯವರೆಗಿನ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ನೀವು ಪಾಸ್‌ವರ್ಡ್ ಬದಲಾಯಿಸಿದ ಕ್ಷಣವೇ ಔಟ್‌ಲುಕ್ ಕೈಯಲ್ಲಿದ್ದ 16 ಅಕ್ಷರಗಳು ಸತ್ತವು. ನೀವು ಈಗ ಬಾಕ್ಸ್‌ಗೆ ತುಂಬುತ್ತಿರುವ ಮುಖ್ಯ ಪಾಸ್‌ವರ್ಡ್ ಸರಿಯಾದದ್ದೇ, ಆದರೆ ಈ ಬಾಗಿಲಲ್ಲಿ ಅದಕ್ಕೆ ಪ್ರವೇಶವಿಲ್ಲ. ನೂರು ಸಲ ಹಾಕಿದರೂ ಉತ್ತರ ಅದೇ. ಕಳುಹಿಸುವಾಗ 534 5.7.9 ಎಂಬ ಸಂಖ್ಯೆ ಕಂಡರೆ ಆ್ಯಪ್ ಪಾಸ್‌ವರ್ಡ್ ಬೇಕು ಎಂದು ಗೂಗಲ್ ಕೇಳುತ್ತಿದೆ. 535 5.7.8 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ.

ಸರಿಪಡಿಸುವ ಕ್ರಮ

ಮೊದಲು ಔಟ್‌ಲುಕ್‌ನ ಸೆಂಡ್/ರಿಸೀವ್ ಟ್ಯಾಬ್‌ನಲ್ಲಿ 'ವರ್ಕ್ ಆಫ್‌ಲೈನ್' ಒತ್ತಿ. ಲ್ಯಾಪ್‌ಟಾಪ್‌ನಲ್ಲೂ ಇಂಥದೇ ಪ್ರೋಗ್ರಾಂ ಇದ್ದರೆ ಅದನ್ನೂ ಮುಚ್ಚಿಡಿ. ತಪ್ಪು ಪಾಸ್‌ವರ್ಡ್ ಹಿಡಿದು ಐದೈದು ನಿಮಿಷಕ್ಕೆ ಬಾಗಿಲು ಬಡಿಯುವುದು ಸರ್ವರ್ ಕಣ್ಣಿಗೆ ದಾಳಿಯಂತೆ ಕಾಣಬಹುದು.

ಬಳಿಕ ಬ್ರೌಸರ್‌ನಲ್ಲಿ ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ. ಟು-ಸ್ಟೆಪ್ ವೆರಿಫಿಕೇಶನ್ ಆನ್ ಇದೆಯೇ ಖಚಿತಪಡಿಸಿಕೊಳ್ಳಿ. ಖಾತೆಯ ಹುಡುಕುವ ಜಾಗದಲ್ಲಿ 'ಆ್ಯಪ್ ಪಾಸ್‌ವರ್ಡ್ಸ್' ಎಂದು ಹುಡುಕಿ ತೆರೆಯಿರಿ, ಏಕೆಂದರೆ ಮೆನುವಿನಲ್ಲಿ ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. 'ಡೆಸ್ಕ್‌ಟಾಪ್ ಔಟ್‌ಲುಕ್' ಎಂದು ಹೆಸರು ಕೊಡಿ. ನಾಲ್ಕು ನಾಲ್ಕರಂತೆ ಬಿಡಿಸಿದ 16 ಅಕ್ಷರಗಳು ತೆರೆಯ ಮೇಲೆ ಬರುತ್ತವೆ, ಒಮ್ಮೆ ಮಾತ್ರ. ಆ ಪುಟ ಮುಚ್ಚಿದರೆ ಮತ್ತೆ ನೋಡಲಾಗದು, ಹೊಸದನ್ನೇ ಮಾಡಬೇಕು. ನಡುವಿನ ಖಾಲಿ ಜಾಗಗಳು ಪಾಸ್‌ವರ್ಡ್‌ನ ಭಾಗವಲ್ಲ, ಅವನ್ನು ಬಿಟ್ಟೇ ಹಾಕಿ.

ಇದನ್ನು ಆ ಬಾಕ್ಸ್‌ನಲ್ಲಿ ಹಾಕಿದರೂ ಆಗುತ್ತದೆ. ಆದರೆ ನಾನು ಹೇಳುವುದು ಬೇರೆ ಜಾಗ. ಔಟ್‌ಲುಕ್ ಮುಚ್ಚಿ, ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಮೇಲ್' ತೆರೆದು 'ಇಮೇಲ್ ಅಕೌಂಟ್ಸ್'ಗೆ ಹೋಗಿ. ನಿಮ್ಮ ಖಾತೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಎಲ್ಲವೂ ಒಂದೇ ಕಡೆ ಕಾಣುತ್ತದೆ. ಯೂಸರ್‌ನೇಮ್ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ ಇರಲಿ. ಪಾಸ್‌ವರ್ಡ್ ಜಾಗದಲ್ಲಿರುವ ಚುಕ್ಕಿಗಳನ್ನೆಲ್ಲ ಅಳಿಸಿ 16 ಅಕ್ಷರಗಳನ್ನು ಹಾಕಿ, 'ರಿಮೆಂಬರ್ ಪಾಸ್‌ವರ್ಡ್' ಟಿಕ್ ಇರಲಿ. ಆಮೇಲೆ 'ಮೋರ್ ಸೆಟ್ಟಿಂಗ್ಸ್'. ಅಲ್ಲಿನ 'ಔಟ್‌ಗೋಯಿಂಗ್ ಸರ್ವರ್' ಟ್ಯಾಬ್‌ನಲ್ಲಿ ದೃಢೀಕರಣ ಬೇಕು ಎಂಬ ಟಿಕ್ ಹಾಕಿ, ಒಳಬರುವ ಸರ್ವರ್‌ನದೇ ವಿವರ ಬಳಸು ಎಂಬುದನ್ನು ಆರಿಸಿ. ಇಲ್ಲಿ ಹಳೆಯ ಪಾಸ್‌ವರ್ಡ್ ಪ್ರತ್ಯೇಕವಾಗಿ ಕೂತಿದ್ದರೆ ಮೇಲ್ ಬರುತ್ತದೆ, ಹೋಗುವುದಿಲ್ಲ, ಬಾಕ್ಸ್ ಮತ್ತೆ ಹಾಜರಾಗುತ್ತದೆ. 'ಅಡ್ವಾನ್ಸ್‌ಡ್' ಟ್ಯಾಬ್‌ನಲ್ಲಿ ಒಳಬರುವುದಕ್ಕೆ ಪೋರ್ಟ್ 993, ಎನ್‌ಕ್ರಿಪ್ಶನ್ ಬಗೆ ಎಸ್‌ಎಸ್‌ಎಲ್. ಹೋಗುವುದಕ್ಕೆ 465 ಇಟ್ಟರೆ ಎಸ್‌ಎಸ್‌ಎಲ್, 587 ಇಟ್ಟರೆ ಟಿಎಲ್‌ಎಸ್. ಇವೆರಡನ್ನು ಅದಲುಬದಲು ಮಾಡಿದರೆ ಸಂಪರ್ಕವೇ ಆಗುವುದಿಲ್ಲ. ಕೊನೆಗೆ 'ಟೆಸ್ಟ್ ಅಕೌಂಟ್ ಸೆಟ್ಟಿಂಗ್ಸ್' ಒತ್ತಿ, ಎರಡು ಸಾಲಿಗೂ ಹಸಿರು ಗುರುತು ಬರಬೇಕು. ಆಮೇಲೆ ಔಟ್‌ಲುಕ್ ತೆರೆದು 'ವರ್ಕ್ ಆಫ್‌ಲೈನ್' ಇನ್ನೊಮ್ಮೆ ಒತ್ತಿ ಆಫ್ ಮಾಡಿ.

ಲ್ಯಾಪ್‌ಟಾಪ್‌ಗೂ ಬೇಕಿದ್ದರೆ ಅದಕ್ಕೆ ಇನ್ನೊಂದು ಆ್ಯಪ್ ಪಾಸ್‌ವರ್ಡ್ ಮಾಡಿ, ಒಂದನ್ನೇ ಎರಡು ಕಡೆ ಹಾಕಬೇಡಿ. ನಾಳೆ ಲ್ಯಾಪ್‌ಟಾಪ್ ಕಳೆದರೆ ಅದರದ್ದನ್ನು ಮಾತ್ರ ರದ್ದು ಮಾಡಬಹುದು. ಆ 16 ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಬೇಡಿ. ಅವು ಯಾರ ಕೈಗೆ ಸಿಕ್ಕರೂ ಫೋನಿನ 'ಹೌದು' ಇಲ್ಲದೆಯೇ ನಿಮ್ಮ ಮೇಲ್ ಪೂರ್ತಿ ಓದಬಹುದು. ಈ ದಾರಿಯ ದೊಡ್ಡ ದೌರ್ಬಲ್ಯ ಇದೇ.

ಮೊದಲಿನ ಸಣ್ಣ ತೊಂದರೆ

ಪಾಸ್‌ವರ್ಡ್ ಸರಿಹೋದ ಮೇಲೂ ದಿನಕ್ಕೊಂದು ಸಲದ ಆ ಬಾಕ್ಸ್ ಮರಳಿ ಬರಬಹುದು, ಅದರ ಕಾರಣ ಬೇರೆ ತಾನೆ. ಬಂದರೆ ಟೈಪ್ ಮಾಡದೆ ಕ್ಯಾನ್ಸಲ್ ಒತ್ತಿ, ಎಫ್9 ಒತ್ತಿ. ಆಮೇಲೆ ಇವನ್ನು ನೋಡಿ.

ಜಿಮೇಲ್ ಒಂದು ಖಾತೆಗೆ ಏಕಕಾಲಕ್ಕೆ 15 ಐಮ್ಯಾಪ್ ಸಂಪರ್ಕಗಳನ್ನು ಮಾತ್ರ ಬಿಡುತ್ತದೆ. 15 ಸಾಧನವಲ್ಲ, 15 ಸಂಪರ್ಕ. ಒಂದು ಮೇಲ್ ಪ್ರೋಗ್ರಾಂ ಫೋಲ್ಡರ್‌ಗಳನ್ನು ನೋಡಲು ಒಂದೇ ಸಲಕ್ಕೆ ಹಲವು ಸಂಪರ್ಕ ತೆರೆಯುತ್ತದೆ. ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ತಾನಾಗಿ ಐದರವರೆಗೆ ತೆರೆಯಬಲ್ಲದು. ನಿಮ್ಮ ಮನೆಯಲ್ಲಿರುವ ಸಾಧನಗಳಲ್ಲಿ ಮೂರ್ನಾಲ್ಕು ಐಮ್ಯಾಪ್‌ನಲ್ಲಿದ್ದು ಒಟ್ಟಿಗೆ ಎದ್ದರೆ ಮಿತಿ ತುಂಬುವುದು ಕಷ್ಟವೇನಲ್ಲ. ಮೇಲ್ ಓದುವ ಅಭ್ಯಾಸವೇ ಇಲ್ಲದ ಸಾಧನದಿಂದ ಖಾತೆ ತೆಗೆದುಬಿಡಿ. ಟ್ಯಾಬ್‌ನಲ್ಲಿ ಬೇಕೇ ಬೇಕಿದ್ದರೆ ಜಿಮೇಲ್‌ನದೇ ಆ್ಯಪ್ ಸಾಕು.

ಮೇಲ್ ನೋಡುವ ಅವಧಿಯನ್ನು 5ರಿಂದ 15 ನಿಮಿಷಕ್ಕೆ ಏರಿಸಿ. 'ಅಡ್ವಾನ್ಸ್‌ಡ್' ಟ್ಯಾಬ್‌ನಲ್ಲಿ 'ಸರ್ವರ್ ಟೈಮ್‌ಔಟ್ಸ್' ಎಂಬ ಜಾರುಪಟ್ಟಿ ಇದೆ, ಸಾಮಾನ್ಯವಾಗಿ 1 ನಿಮಿಷಕ್ಕೆ ನಿಂತಿರುತ್ತದೆ. ಅದನ್ನು 3ಕ್ಕೆ ಒಯ್ಯಿರಿ. ನಿಧಾನದ ಇಂಟರ್‌ನೆಟ್‌ನಲ್ಲಿ, ದೊಡ್ಡ ಅಟ್ಯಾಚ್‌ಮೆಂಟ್ ಕಳುಹಿಸುವಾಗ ಇದೊಂದೇ ಸಾಕಾಗುವುದುಂಟು. ಕಂಪ್ಯೂಟರ್ ನಿದ್ದೆಯಿಂದ ಎದ್ದ ತಕ್ಷಣ ಮಾತ್ರ ಬಾಕ್ಸ್ ಬರುತ್ತದೆಯಾದರೆ ವೈಫೈ ಸಿಗುವ ಮೊದಲೇ ಔಟ್‌ಲುಕ್ ಲಾಗಿನ್‌ಗೆ ಹೊರಟಿರುತ್ತದೆ. ಅದು ನಿರುಪದ್ರವಿ. ಕ್ಯಾನ್ಸಲ್ ಒತ್ತಿ ಮರೆತುಬಿಡಿ.

ಆಂಟಿವೈರಸ್‌ನ ಮೇಲ್ ಸ್ಕ್ಯಾನ್ ಕೂಡ ಶಂಕಿತರ ಪಟ್ಟಿಯಲ್ಲಿದೆ. ಅದು ಔಟ್‌ಲುಕ್ ಮತ್ತು ಸರ್ವರ್ ನಡುವೆ ನಿಂತು ಎನ್‌ಕ್ರಿಪ್ಟ್ ಆದ ಮಾತುಕತೆಯನ್ನು ಬಿಚ್ಚಿ ನೋಡುತ್ತದೆ. ಆ ಭಾಗವನ್ನಷ್ಟೇ ಒಂದು ದಿನ ಆಫ್ ಮಾಡಿ ನೋಡಿ, ಇಡೀ ಆಂಟಿವೈರಸ್ ಆಫ್ ಮಾಡುವ ಅಗತ್ಯವಿಲ್ಲ. ಅಟ್ಯಾಚ್‌ಮೆಂಟ್ ತೆರೆಯುವಾಗ ಅದರ ಫೈಲ್ ಸ್ಕ್ಯಾನ್ ಹೇಗೂ ಕೆಲಸ ಮಾಡುತ್ತದೆ. ವಿಪಿಎನ್ ಹಾಕಿದ್ದರೆ ಅದನ್ನೂ ತೆಗೆದು ಪರೀಕ್ಷಿಸಿ.

ಹ್ಯಾಕ್ ಆಗಿರಬಹುದೇ?

ಬಾಕ್ಸ್ ಬಂತು ಎಂಬುದರಿಂದ ಹಾಗೆ ಹೇಳಲಾಗದು. ನಿಮ್ಮ ಪಾಸ್‌ವರ್ಡ್ ಕದ್ದವನು ಸದ್ದಿಲ್ಲದೆ ಒಳಗಿರುತ್ತಾನೆ, ನಿಮ್ಮನ್ನು ಐದು ನಿಮಿಷಕ್ಕೊಮ್ಮೆ ಎಬ್ಬಿಸುವುದಿಲ್ಲ. ಅನುಮಾನ ತೀರಿಸಿಕೊಳ್ಳಲು ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಪುಟದ ಕೆಳಗೆ ಬಲಮೂಲೆಯಲ್ಲಿರುವ 'ಡೀಟೇಲ್ಸ್' ಒತ್ತಿ. ಇತ್ತೀಚೆಗೆ ಎಲ್ಲಿಂದ, ಯಾವ ಬಗೆಯ ಪ್ರೋಗ್ರಾಂನಿಂದ ಖಾತೆ ತೆರೆದಿದೆ ಎಂಬ ಪಟ್ಟಿ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ ಸೆಟ್ಟಿಂಗ್ಸ್‌ನಲ್ಲಿ 'ಫಿಲ್ಟರ್ಸ್' ಮತ್ತು 'ಫಾರ್ವರ್ಡಿಂಗ್' ಎರಡನ್ನೂ ನೋಡಿ. ನೀವು ಹಾಕದ ವಿಳಾಸಕ್ಕೆ ಮೇಲ್ ಹೋಗುತ್ತಿದ್ದರೆ, ಬ್ಯಾಂಕಿನ ಮೇಲ್‌ಗಳನ್ನು ನೇರ ಕಸಕ್ಕೆ ಹಾಕುವ ಫಿಲ್ಟರ್ ಇದ್ದರೆ ಆಗ ಚಿಂತಿಸಬೇಕು. ಪಾಸ್‌ವರ್ಡ್ ಬದಲಾಯಿಸಿದರೂ ಅವು ಅಲ್ಲೇ ಉಳಿಯುತ್ತವೆ.

ನಿಜವಾದ ಅಪಾಯ ಇರುವುದು ಇನ್ನೊಂದು ಕಡೆ. ಇಂಥ ಕಿರಿಕಿರಿಯಲ್ಲಿರುವವರ ಇನ್‌ಬಾಕ್ಸ್‌ಗೆ 'ನಿಮ್ಮ ಪಾಸ್‌ವರ್ಡ್ ಅವಧಿ ಮುಗಿದಿದೆ, ಇಲ್ಲಿ ಒತ್ತಿ' ಎಂಬ ಮೇಲ್ ಬಂದರೆ ಬೇಗ ನಂಬುತ್ತಾರೆ. ಔಟ್‌ಲುಕ್‌ನ ಬಾಕ್ಸ್ ಔಟ್‌ಲುಕ್ ತೆರೆದಿದ್ದಾಗಲೇ ಬರುತ್ತದೆ. ಮೇಲ್‌ನೊಳಗಿನ ಲಿಂಕ್ ಒತ್ತಿ ತಲುಪಿದ ಪುಟದಲ್ಲಿ ಪಾಸ್‌ವರ್ಡ್ ಹಾಕಲೇಬೇಡಿ.

ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ 'ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ (ವಿಂಡೋಸ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಜಾಗ) ಎಲ್ಲ ಅಳಿಸಿ' ಎಂಬುದು ಬಹಳ ಜನಪ್ರಿಯ. ಮೈಕ್ರೋಸಾಫ್ಟ್ 365, ಎಕ್ಸ್‌ಚೇಂಜ್ ಖಾತೆಗಳಿಗೆ ಅದು ಸರಿಯಾದ ಮದ್ದು. ನಿಮ್ಮಂಥ ಐಮ್ಯಾಪ್ ಖಾತೆಯ ಪಾಸ್‌ವರ್ಡನ್ನು ಔಟ್‌ಲುಕ್ 2016 ಅಲ್ಲಿ ಇಡುವುದೇ ಇಲ್ಲ. ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕಡತ), ನಿಮ್ಮ ವಿಂಡೋಸ್ ಲಾಗಿನ್‌ಗೆ ಕಟ್ಟಿದ ಗುಪ್ತಲಿಪಿಯಲ್ಲಿ ಇಡುತ್ತದೆ. ಆದ್ದರಿಂದ ಅಲ್ಲಿ ಅಳಿಸಿದರೆ ಬೇರೆ ಪ್ರೋಗ್ರಾಂಗಳ ಪಾಸ್‌ವರ್ಡ್ ಹೋಗುತ್ತದೆ, ಈ ಬಾಕ್ಸ್ ಉಳಿಯುತ್ತದೆ. ಮೇಲೆ ಹೇಳಿದ ಕಂಪ್ಯೂಟರಿನ ಮರೆವು ಕಾಡುತ್ತಿರುವವರಿಗೆ ಇಲ್ಲೊಂದು ಸುಳಿವಿದೆ: ವಿಂಡೋಸ್ ಲಾಗಿನ್ ಪಾಸ್‌ವರ್ಡನ್ನು ಬೇರೆ ಅಡ್ಮಿನ್ ಖಾತೆಯಿಂದ ರೀಸೆಟ್ ಮಾಡಿಸಿದ್ದರೆ ಹಳೆಯ ಗುಪ್ತಲಿಪಿ ಬಿಚ್ಚಲು ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ 'ಮೇಲ್'ನಲ್ಲಿ 'ಶೋ ಪ್ರೊಫೈಲ್ಸ್' ಒತ್ತಿ ಹೊಸ ಪ್ರೊಫೈಲ್ ಮಾಡಿ ಖಾತೆ ಸೇರಿಸುವುದೇ ಆಗ ಪರಿಹಾರ. ಹಳೆಯ ಪ್ರೊಫೈಲನ್ನು ಕೆಲವು ವಾರ ಅಳಿಸಬೇಡಿ.

ಹಳೆಯ ಮೇಲ್‌ಗಳ ಚಿಂತೆ

'ಇಮೇಲ್ ಅಕೌಂಟ್ಸ್' ಪಟ್ಟಿಯಲ್ಲಿ ಖಾತೆಯ ಪಕ್ಕದಲ್ಲೇ ಬಗೆ ಬರೆದಿರುತ್ತದೆ. ಐಮ್ಯಾಪ್ ಎಂದಿದ್ದರೆ ಮೇಲ್‌ಗಳು ಗೂಗಲ್ ಸರ್ವರ್‌ನಲ್ಲಿಯೇ ಇವೆ, ಬ್ರೌಸರ್‌ನಲ್ಲಿ ಕಾಣುವುದೆಲ್ಲ ಸುರಕ್ಷಿತ. ಪಾಪ್ ಎಂದಿದ್ದರೆ ಎಚ್ಚರ. ಮೇಲ್ ಕಂಪ್ಯೂಟರಿನಲ್ಲಿರುವ ಪಿಎಸ್‌ಟಿ ಎಂಬ ಔಟ್‌ಲುಕ್‌ನ ಸಂಗ್ರಹ ಫೈಲಿಗೆ ಇಳಿದು ಸರ್ವರ್‌ನಿಂದ ಅಳಿದಿರಬಹುದು, ಆಗ ಫಾರ್ಮ್ಯಾಟ್ ಮಾಡಿದರೆ ಹೋಯಿತೆಂದೇ ಲೆಕ್ಕ.

ಐಮ್ಯಾಪ್ ಇದ್ದರೂ ಒಂದು ಬಲೆಯಿದೆ. ಔಟ್‌ಲುಕ್ 2016ರಲ್ಲಿ ಐಮ್ಯಾಪ್ ಖಾತೆಯ ಜೊತೆ ಬರುವ ಕ್ಯಾಲೆಂಡರ್ ಮತ್ತು ಕಾಂಟ್ಯಾಕ್ಟ್ಸ್ ಪಕ್ಕದಲ್ಲಿ 'ದಿಸ್ ಕಂಪ್ಯೂಟರ್ ಓನ್ಲಿ' ಎಂದು ಬರೆದಿರುತ್ತದೆ. ಅದನ್ನು ಅಕ್ಷರಶಃ ನಂಬಿ. ಅವು ಸರ್ವರ್‌ನಲ್ಲಿ ಇರುವುದಿಲ್ಲ, ಖಾತೆ ತೆಗೆದು ಮತ್ತೆ ಸೇರಿಸಿದರೆ ಖಾಲಿಯಾಗಿ ಬರುತ್ತವೆ. 'ತೆಗೆದು ಮತ್ತೆ ಹಾಕಿ ನೋಡಿ' ಎಂಬ ಸಲಹೆಗೆ ಕೈ ಹಾಕುವ ಮೊದಲು ಫೈಲ್ ಮೆನು, ಓಪನ್ ಆ್ಯಂಡ್ ಎಕ್ಸ್‌ಪೋರ್ಟ್, ಇಂಪೋರ್ಟ್/ಎಕ್ಸ್‌ಪೋರ್ಟ್ ಮೂಲಕ ಒಂದು ಪಿಎಸ್‌ಟಿ ಪ್ರತಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಮುಂದೇನು?

ಆ್ಯಪ್ ಪಾಸ್‌ವರ್ಡ್ ಇವತ್ತಿನ ಕೆಲಸ ನಡೆಸುತ್ತದೆ. ಆದರೆ ಔಟ್‌ಲುಕ್ 2016 ಮತ್ತು ವಿಂಡೋಸ್ 10 ಎರಡಕ್ಕೂ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೇಲ್ ಪ್ರೋಗ್ರಾಂ ಎಂದರೆ ಅಪರಿಚಿತರು ಕಳುಹಿಸಿದ ಫೈಲುಗಳು ದಿನಾ ಬಂದು ಬೀಳುವ ಜಾಗ. ಭದ್ರತಾ ಅಪ್‌ಡೇಟ್ ಇಲ್ಲದ ಪ್ರೋಗ್ರಾಂನಲ್ಲಿ ಅವನ್ನು ತೆರೆಯುತ್ತಾ ಹೋಗುವುದು ನನಗೆ ಸರಿಕಾಣದು.

ಓಆತ್ ಬರುವ ಪ್ರೋಗ್ರಾಂಗೆ ಹೋದರೆ ಈ ಜಾತಿಯ ಬಾಕ್ಸ್ ಬಹುಮಟ್ಟಿಗೆ ತಪ್ಪುತ್ತದೆ. ಹಣ ಖರ್ಚಿಲ್ಲದ ಆಯ್ಕೆ ಥಂಡರ್‌ಬರ್ಡ್. ಅದರಲ್ಲಿ ಜಿಮೇಲ್ ಹಾಕುವಾಗ ದೃಢೀಕರಣದ ವಿಧಾನ 'ಓಆತ್2' ಎಂದಿರಬೇಕು, ಬರುವ ಸರ್ವರ್‌ಗೂ ಹೋಗುವ ಸರ್ವರ್‌ಗೂ. ಕುಕೀಗಳನ್ನು ತಡೆದಿಟ್ಟರೆ ಗೂಗಲ್ ಪುಟ ಅಲ್ಲಿ ನಿಂತುಬಿಡುತ್ತದೆ, ಪ್ರೈವಸಿ ಸೆಟ್ಟಿಂಗ್‌ನಲ್ಲಿ ಕುಕೀಗಳಿಗೆ ಅನುಮತಿ ಕೊಡಿ. ಗೂಗಲ್ ಪಾಸ್‌ವರ್ಡ್ ಬದಲಾದಾಗ ಟೋಕನ್ ಕೂಡ ರದ್ದಾಗಿ ಮತ್ತೆ ಲಾಗಿನ್ ಕೇಳುತ್ತದೆ, ಆದರೆ ಒಮ್ಮೆ ಮಾತ್ರ, ಅದೂ ಗೂಗಲ್‌ನದೇ ಪುಟದಲ್ಲಿ.

ವಿಂಡೋಸ್ ಜೊತೆ ಉಚಿತವಾಗಿ ಬರುವ ಹೊಸ ಔಟ್‌ಲುಕ್‌ಗೂ ಓಆತ್ ಗೊತ್ತು. ಆದರೆ ಜಿಮೇಲ್‌ನಂಥ ಹೊರಗಿನ ಖಾತೆಯನ್ನು ಅದಕ್ಕೆ ಸೇರಿಸಿದರೆ ನಿಮ್ಮ ಮೇಲ್‌ನ ಪ್ರತಿ ಮೈಕ್ರೋಸಾಫ್ಟ್ ಕ್ಲೌಡ್ ಮೂಲಕ ಸಿಂಕ್ ಆಗುತ್ತದೆ. ಸೇರಿಸುವಾಗ ಬರುವ ಸೂಚನೆಯಲ್ಲಿ ಇದನ್ನೇ ಹೇಳಿರುತ್ತದೆ, ಹೆಚ್ಚಿನವರು ಓದದೆ ಮುಂದೆ ಒತ್ತುತ್ತಾರೆ. ಅಭ್ಯಂತರವಿಲ್ಲದಿದ್ದರೆ ಬಳಸಿ. ಇದ್ಯಾವುದೂ ಬೇಡ ಎನಿಸಿದರೆ ಬ್ರೌಸರ್ ಇದ್ದೇ ಇದೆ, ಇಂಟರ್‌ನೆಟ್ ಇಲ್ಲದಾಗ ಮೇಲ್ ಓದುವ ಅನುಕೂಲವೊಂದು ಕಡಿಮೆ.

ಇದೇ ತೊಂದರೆ ಬೇರೆ ಕಂಪನಿಯ ಖಾತೆಯಲ್ಲಿ ಇರುವವರಿಗೆ: ಹಾಟ್‌ಮೇಲ್ ಮತ್ತು ಔಟ್‌ಲುಕ್ ಡಾಟ್ ಕಾಮ್ ವಿಳಾಸಗಳಿಗೆ 2024ರ ಸೆಪ್ಟೆಂಬರ್ 16ರಿಂದ ಬರೀ ಪಾಸ್‌ವರ್ಡ್‌ನ ದಾರಿ ಮುಚ್ಚಿದೆ, ಆ್ಯಪ್ ಪಾಸ್‌ವರ್ಡ್ ಕೂಡ ನಡೆಯದು, ಓಆತ್ ಬರುವ ಪ್ರೋಗ್ರಾಂ ಬೇಕೇ ಬೇಕು. ಯಾಹೂಗೆ ಆ್ಯಪ್ ಪಾಸ್‌ವರ್ಡ್ ಸಾಕು. ಸ್ವಂತ ಡೊಮೈನ್‌ನ ಮೇಲ್ ಆದರೆ ಫೋನನ್ನು ವೈಫೈ ಬಿಡಿಸಿ ಮೊಬೈಲ್ ಡೇಟಾದಲ್ಲಿ ನೋಡಿ. ಡೇಟಾದಲ್ಲಿ ಮೇಲ್ ಬಂದು ವೈಫೈನಲ್ಲಿ ಬಾರದಿದ್ದರೆ, ತಪ್ಪು ಪ್ರಯತ್ನಗಳು ಹೆಚ್ಚಾಗಿ ಸರ್ವರ್ ನಿಮ್ಮ ಮನೆಯ ಐಪಿ ವಿಳಾಸವನ್ನೇ ತಡೆದಿರುವ ಸಾಧ್ಯತೆ ಹೆಚ್ಚು. ಹಳೆಯ ಪಾಸ್‌ವರ್ಡ್ ಇರುವ ಸಾಧನವನ್ನು ಹುಡುಕಿ ಆಫ್ ಮಾಡಿ, ಹೋಸ್ಟಿಂಗ್‌ನವರಿಗೆ ಹೇಳಿ ತಡೆ ತೆಗೆಸಿ.